ಅಟ್ಟದ ಮೇಲೆ ಯಾರೋ ಇದ್ದಾರೆ!

"ನನ್ನ ಅಪ್ಪಣೆಯಿಲ್ಲದೆ ಈ ಮನೆಯೊಳಗೆ ಒಂದು ಸೊಳ್ಳೆಯೂ ರೆಕ್ಕೆ ಬಡಿಯಕೂಡದು!" ಹೀಗೆಂದು ನಡುಮನೆಯಲ್ಲಿ ನಿಂತು ಘೋಷಿಸಿದವನು ನಾನೇ, ಕೊಬ್ಬರಿ ವ್ಯಾಪಾರಿ ಏಕಾಂತಯ್ಯ. ಘೋಷಣೆಗೆ ಕಾರಣವಿತ್ತು. ತಿಪಟೂರಿನ ನಮ್ಮ ಬೀದಿಯಲ್ಲಿ ಡೆಂಗಿ ಜ್ವರ ಒಂದೊಂದೇ ಬಾಗಿಲು ತಟ್ಟುತ್ತ ಬರುತ್ತಿತ್ತು. ಮೊದಲು ಮೂಲೆಮನೆಯ ಶಂಭುಲಿಂಗಯ್ಯ ಮಲಗಿದರು, ಆಮೇಲೆ ಎದುರುಮನೆಯ ಸರ್ವಮಂಗಳ. ಈಗ ನಮ್ಮ ಗೋಡೆಯಾಚೆಯೇ ಬೆಟ್ಟಸ್ವಾಮಿ ನರಳುವುದು ಕೇಳಿಸುತ್ತಿತ್ತು. ನಮ್ಮ ಮನೆಯಲ್ಲೋ, ಚೊಚ್ಚಲ ಹೆರಿಗೆಗೆ ಬಂದ ಮಗಳು ಇಂಪನಾ. ತುಂಬು ಬಸುರಿ!

ಕಿಟಕಿಗಳಿಗೆಲ್ಲ ಜಾಲರಿ ಬಡಿದೆ. ಬಾಗಿಲ ಸಂದಿಗೆ ಗೋಣಿಚೀಲ ತುರುಕಿದೆ. ಸಂಜೆಯಾದರೆ ತೆಂಗಿನ ನಾರು, ಬೇವಿನ ಸೊಪ್ಪು ಸೇರಿಸಿ ಎಂಥ ಹೊಗೆ ಹಾಕಿದೆನೆಂದರೆ, ಹೆಂಡತಿ ಗಿರಿಜಾಂಬಿಕಾ ನನ್ನನ್ನೇ ಕಂಬವೆಂದು ತಿಳಿದು ಹೆಗಲ ಮೇಲೆ ಒದ್ದೆ ಟವೆಲ್ ಒಣಹಾಕಿದಳು!

"ರೀ, ಇದು ಹಗಲೊತ್ತು ಕಚ್ಚೋ ಸೊಳ್ಳೆಯಂತೆ. ಸಂಜೆ ಹೊಗೆ ಹಾಕಿ ಯಾರನ್ನ ಓಡಿಸ್ತಿದ್ದೀರಿ?"

"ಭದ್ರಕೋಟೆ ಕಣೇ ಇದು! ಒಳಕ್ಕೆ ಬರೋಕೆ ದಾರೀನೇ ಇಲ್ಲ ಬುಡು!"

ದಾರಿ ಇರಲಿಲ್ಲ, ನಿಜ. ಆದರೂ ಸೊಳ್ಳೆಗಳಿದ್ದವು. ಕರಿ ಮೈ, ಕಾಲಿಗೆ ಬಿಳಿ ಪಟ್ಟೆ. ಹಾಡಹಗಲೇ ಸದ್ದಿಲ್ಲದೆ ಬಂದು ಹಿಮ್ಮಡಿ ಕಚ್ಚಿ ಮಂಚದಡಿ ಮಾಯವಾಗುತ್ತಿದ್ದವು. ಮುಚ್ಚಿದ ಮನೆಯಲ್ಲಿ ದಿನದಿನಕ್ಕೂ ಹೆಚ್ಚುತ್ತಲೇ ಇದ್ದವು. ಮಗಳ ಹೊಟ್ಟೆ ನೋಡಿದಾಗಲೆಲ್ಲ ನನಗೆ ನಿಜವಾಗಿಯೂ ಭಯವಾಗುತ್ತಿತ್ತು.

ಒಂದು ಮಧ್ಯಾಹ್ನ ಸೋನೆಮಳೆ. ಬೀದಿಯಲ್ಲಿ ನರಪಿಳ್ಳೆಯಿಲ್ಲ. ಬೆಟ್ಟಸ್ವಾಮಿಯ ನರಳಾಟವೂ ನಿಂತುಹೋಗಿತ್ತು. ಆಗ ನಮ್ಮ ತಲೆಯ ಮೇಲೆ ಸದ್ದಾಯಿತು. ತೊಟ್... ತೊಟ್...

"ಅಟ್ಟದ ಮೇಲೆ ಯಾರೋ ಅವ್ರೆ ಕಣ್ರೀ," ಗಿರಿಜಾಂಬಿಕಾ ಪಿಸುಗುಟ್ಟಿದಳು.

ನಮ್ಮ ಕಡೆ ಕಾಯಿಯನ್ನು ಒಮ್ಮೆ ಅಟ್ಟಕ್ಕೇರಿಸಿದರೆ, ಅದು ಒಳಗೊಳಗೇ ಒಣಗಿ ಕೊಬ್ಬರಿಯಾಗುವವರೆಗೆ, ಹೆಚ್ಚುಕಡಿಮೆ ಒಂದು ವರ್ಷ, ಅತ್ತ ಯಾರೂ ತಲೆ ಹಾಕುವುದಿಲ್ಲ. ಮತ್ತೆ ಇದು ಯಾರು?

ಮಗಳ ಮುಂದೆ ಮಾನ ಉಳಿಸಿಕೊಳ್ಳಬೇಕಲ್ಲ, ಏಣಿ ಹತ್ತಿದೆ. ಕಗ್ಗತ್ತಲು. ರಾಶಿ ರಾಶಿ ಕಾಯಿಗಳು ಉಸಿರು ಬಿಗಿಹಿಡಿದು ಕೂತಂತಿದ್ದವು. ಕಿವಿಯ ಸುತ್ತ ಏನೋ ಸುಳಿದಾಡಿತು. ತೆವಳಿಕೊಂಡು ಹೋಗಿ ಟಾರ್ಚ್ ಬಿಟ್ಟೆ.

ಎದುರಿಗೊಂದು ಮುಖ! ಕೆಳಗಿನಿಂದ ನನ್ನನ್ನೇ ದಿಟ್ಟಿಸುತ್ತಿತ್ತು. ಅದರ ಕಣ್ಣೊಳಗೆ, ಮೂಗಿನಲ್ಲಿ, ತೆರೆದ ಬಾಯಿಯ ತುಂಬ ಸಣ್ಣ ಸಣ್ಣ ಹುಳುಗಳು ಕುಣಿಯುತ್ತಿದ್ದವು!

"ಅಯ್ಯಯ್ಯೋ!" ಎಂದು ಕಾಲು ಝಾಡಿಸಿದೆ. ಮುಖ ಉರುಳಿಬಿತ್ತು. ಆಮೇಲೆ ಗೊತ್ತಾಯಿತು, ಮುಖ ನನ್ನದೇ. ಕನ್ನಡಿಯಾಗಿದ್ದದ್ದು ಹಂಡೆಯ ನೀರು. ಹಂಚು ಸೋರಿ ಕೊಬ್ಬರಿ ಕೆಟ್ಟೀತೆಂದು ಆಷಾಢದಲ್ಲಿ ಆ ಹಂಡೆ ಇಟ್ಟು ಮರೆತಿದ್ದ ಮಹಾನುಭಾವನೂ ನಾನೇ! ಕೊಬ್ಬರಿಗೆ ಇಷ್ಟು ದಿನ ಒಂದು ಹನಿ ಸೋಕಿರಲಿಲ್ಲ. ಅದರ ಬದಲು ಹಂಡೆಯಲ್ಲಿ ಸೊಳ್ಳೆಮರಿಗಳು ಹುಟ್ಟಿ ಬೆಳೆದು, ಹಂಚಿನ ಸಂದಿಯಿಂದ ಬೀದಿಗೂ, ಹಲಗೆಯ ಸಂದಿಯಿಂದ ನಮ್ಮ ಮನೆಗೂ ಇಳಿಯುತ್ತಿದ್ದವು.

ಉರುಳಿದ ಹಂಡೆಯ ನೀರು ಅದೇ ಸಂದಿಯಿಂದ ಗಿರಿಜಾಂಬಿಕಾಳ ನೆತ್ತಿಗೆ ಸುರಿಯಿತು. ಬೆನ್ನಿಗೇ ಏಣಿಯ ಕಂಡಿಯಿಂದ ನಾಲ್ಕಾರು ಕಾಯಿ, ಅವುಗಳ ಬೆನ್ನಿಗೆ ನಾನು!

ಸೀರೆ ಹಿಂಡುತ್ತ ಅವಳು ಕೇಳಿದಳು: "ಕೋಟೆ ಕಟ್ಟಿದ್ದು ಸರಿ. ಸೈನ್ಯಾನೂ ನೀವೇ ಸಾಕಿದ್ರಾ?"

ಆ ವಾರವೇ ನನಗೆ ಜ್ವರ ಬಂತು. ಮೈಮೂಳೆಯೆಲ್ಲ ನುಚ್ಚುನೂರು. ರಕ್ತಪರೀಕ್ಷೆ ಮಾಡಿದ ಡಾಕ್ಟರು ಡೆಂಗಿಯೇ ಎಂದರು. ಮನೆಗೆ ಬಂದು ಮಲಗಿದ್ದೇ ತಡ, ಗಿರಿಜಾಂಬಿಕಾ ಮಟಮಟ ಮಧ್ಯಾಹ್ನವೇ ನನ್ನ ಮಂಚಕ್ಕೆ ಸೊಳ್ಳೆಪರದೆ ಕಟ್ಟಿ, ಸುತ್ತಲೂ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದಳು. ನನ್ನ ಕಣ್ಣು ತುಂಬಿಬಂತು.

"ಏನೇ ಅನ್ನು, ನನ್ನ ಮ್ಯಾಲೆ ನಿಂಗೆ ಎಷ್ಟು ಅಕ್ಕರೆ ಕಣೇ! ಇನ್ನು ಒಂದು ಸೊಳ್ಳೆನೂ ನನ್ನ ಮುಟ್ಟಂಗಿಲ್ಲ."

"ನಿಮಗೆ ಕಚ್ಚೋದು ಕಚ್ಚಾಯ್ತಲ್ಲ, ಬುಡಿ. ಈಗ ನಿಮ್ಮನ್ನ ಕಚ್ಚಿದ ಸೊಳ್ಳೆ ಹೋಗಿ ಇಂಪನಾನ ಕಚ್ಚಿದ್ರೆ ಅವಳ್ಗೂ ಬತ್ತದಂತೆ," ಎನ್ನುತ್ತ ಕೊನೆಯ ಅಂಚನ್ನೂ ಬಿಗಿಯಾಗಿ ಸಿಕ್ಕಿಸಿದಳು. "ಪರದೆ ಕಟ್ಟಿರೋದು ಸೊಳ್ಳೆಗಳನ್ನ ನಿಮ್ಮಿಂದ ಕಾಪಾಡಕ್ಕೆ ಕಣ್ರೀ!"