ಪಕ್ಕದಲ್ಲಿ ಕೂರುವವನು

ಎಲ್ಲಕ್ಕೂ ಕಾರಣ ತಾಜ್ ಪಾಷಾನ ಟಿವಿ.

ಹಾರೋಹಳ್ಳಿಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದ ಬೀರೇಶ, ಅಲ್ಲೇ ಕೆಲಸ ಮಾಡುವ ತಾಜ್ ಪಾಷಾನ ಜೊತೆ ಸರಸಮ್ಮನ ವಠಾರದಲ್ಲಿ ಒಂದು ರೂಮು ಹಿಡಿದಿದ್ದ. ಭಾನುವಾರ ಬೆಳಿಗ್ಗೆಯಾದರೆ ಇಬ್ಬರಿಗೂ ಜಪಾನಿನ ಕಾರ್ಟೂನು ಬೇಕೇ ಬೇಕು. ಮಾತೆಲ್ಲ ಹಿಂದಿ. ತಾಜ್ ಪಾಷಾ ಅರ್ಥ ಹೇಳುವವನು, ಬೀರೇಶ ನಗುವವನು. ಅದರಲ್ಲಿ ಬಿಳಿ ಕೋಟಿನ ಹೀರೋ ಒಬ್ಬನಿದ್ದ, ಕತ್ತಿ ಬೀಸಿ ಯಾವಾಗಲೂ ಗೆಲ್ಲುತ್ತಿದ್ದ. ಅವನ ಜೊತೆಗಾರನ ಕೈಯಲ್ಲಿ ಕತ್ತಿಯ ಬದಲು ಒಂದು ಹರಕು ಕೊಡೆ. ಆ ಬಡಪಾಯಿ ಸೋಲುತ್ತಿದ್ದ, ಬೀಳುತ್ತಿದ್ದ, ಮೈ ಕೊಡವಿಕೊಂಡು ಎದ್ದು ಊಟಕ್ಕೆ ಕೂರುತ್ತಿದ್ದ. ಬೀರೇಶನಿಗೆ ಕೊಡೆಯವನೆಂದರೆ ಪ್ರಾಣ. ಆದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೇಳದಿರಲು ಕಾರಣವಿತ್ತು. ಅವನೇ ಒಬ್ಬ ಕೊಡೆಯವನು. ಕಡ್ಡಿಯಂಥ ಮೈ, ಅಗಲ ಕಿವಿ, ಎಷ್ಟು ಬಾಚಿದರೂ ನೆಟ್ಟಗೆ ನಿಲ್ಲುವ ಕೂದಲು. ನೆಂಟರಲ್ಲಿ ಯಾವ ಹುಡುಗ ಹೆಣ್ಣು ನೋಡಲು ಹೊರಟರೂ ಇವನನ್ನು ಹುಡುಕಿಕೊಂಡು ಬರುತ್ತಿದ್ದ. ಇವನ ಪಕ್ಕದಲ್ಲಿ ಕೂತರೆ ಎಂಥವನಿಗೂ ಒಂದು ಕಳೆ ಬರುತ್ತಿತ್ತು. ಚಿಕ್ಕಪ್ಪನ ಮಗ ಕಾಂತರಾಜನ ಮದುವೆ ಕುದುರಿದ್ದೂ ಹಾಗೆಯೇ. ಎಲ್ಲರ ಮದುವೆಯಲ್ಲೂ ಬೀರೇಶ ಹೊಟ್ಟೆತುಂಬ ಉಂಡ. ಇವನಿಗೆ ಹೆಣ್ಣು ಕೊಡುತ್ತೇವೆ ಎಂದವರು ಮಾತ್ರ ಒಬ್ಬರೂ ಹುಟ್ಟಲಿಲ್ಲ.

ಅಂಥವನಿಗೆ ಕುದೂರಿನಿಂದ ಹೆಣ್ಣಿನ ಕಡೆಯವರೇ ಹೇಳಿಕಳಿಸಿದ್ದರು. ಕುರಿ ಸಾಕುವ ಮನೆತನ, ಹುಡುಗಿ ನಯನ, ಹೊಲಿಗೆ ಬಲ್ಲವಳು. ಈ ಭಾನುವಾರವೇ ಬಂದು ನೋಡಬೇಕಂತೆ. ಇದು ತಪ್ಪಿದರೆ ಇನ್ನೊಂದು ಬರುವುದಿಲ್ಲವೆಂದು ಬೀರೇಶನಿಗೂ ಗೊತ್ತು, ಇಡೀ ವಠಾರಕ್ಕೂ ಗೊತ್ತು.

ತಾಜ್ ಪಾಷಾ ಟಿವಿಯಿಂದ ಕಣ್ಣು ಕೀಳದೆ ಕೇಳಿದ. "ಹೆಣ್ಣಿನ ಮನೇಲಿ ನಿನ್ ಪಕ್ಕ ಯಾರ್ಲಾ ಕೂತ್ಕತಾರೆ?"

"ನಮ್ಮವ್ವ. ಮಾಗಡಿ ಬಸ್‌ಸ್ಟ್ಯಾಂಡ್‌ನಾಗೆ ಕಾಯ್ತಾ ಇರ್ತಾಳೆ."

"ಥೂ ನಿನ್ನ! ಅವ್ವನ ಪಕ್ಕ ಕೂತ್ರೆ ಹೀರೋ ಹೆಂಗ್ಲಾ ಆಗ್ತೀಯ? ನೋಡಲ್ಲಿ, ಆ ಕೊಡೆಯೋನು ಇಲ್ದಿದ್ರೆ ಬಿಳಿ ಕೋಟ್ನವ್ನ ಯಾರು ಮೂಸಿ ನೋಡ್ತಿದ್ರು? ನಿಂಗೂ ಒಬ್ಬ ಬೇಕು ಕಣ್ಲಾ."

ಮಾತು ಬೀರೇಶನ ತಲೆಯೊಳಗೆ ಕೂತುಬಿಟ್ಟಿತು. ಆದರೆ ಬೀರೇಶನಿಗಿಂತ ಕಳಪೆಯಾಗಿ ಕಾಣುವವನನ್ನು ತರುವುದೆಲ್ಲಿಂದ? ಸುದ್ದಿ ತಿಳಿದು ವಠಾರವೇ ಬಾಗಿಲಲ್ಲಿ ನೆರೆಯಿತು. ಸರಸಮ್ಮ ಪೌಡರ್ ಡಬ್ಬಿ ಹಿಡಿದು ಬಂದವಳು, "ನಮ್ಮನೆಯವ್ರನ್ನ ಕರ್ಕಂಡೋಗಪ್ಪ, ಅವ್ರ ಮುಂದೆ ಯಾರಾದ್ರೂ ಚೆಂದಾಗೇ ಕಾಣ್ತಾರೆ" ಎಂದಳು. ಮನೆಯವರು ಒಳಗಿನಿಂದಲೇ ಕೆಮ್ಮಿದರು. ಕೊನೆಗೆ ಎಲ್ಲರ ಕಣ್ಣೂ ಮೂಲೆಯ ರೂಮಿನ ಚನ್ನಯ್ಯನ ಮೇಲೆ ಬಿತ್ತು. ಬೀರೇಶನಿಗಿಂತ ದೊಡ್ಡವನು, ಮದುವೆಯಾಗದವನು, ತಲೆ ಬೋಳು, ಹಲ್ಲು ಉಬ್ಬು. ಸಾಲದ್ದಕ್ಕೆ ಇವರದೇ ಜನ.

"ಹಿರೀಕ್ರು ಅಂತ ಒಬ್ರು ಇರ್ಬೇಕಲ್ಲ ಅಣ್ಣ, ನೀನು ಬಾ" ಎಂದು ಬೀರೇಶ ಸುಳ್ಳು ಹೇಳಿದ.

ಚನ್ನಯ್ಯನ ಮುಖ ಅರಳಿತು. "ಇಂಥದಕ್ಕೆಲ್ಲ ನನ್ನ ಯಾರೂ ಕರ್ದೇ ಇರ್ನಿಲ್ಲ ಕಣ್ಲಾ. ಒಸಿ ತಡಿ, ಒಗ್ದಿರೋ ಅಂಗಿ ಹಾಕ್ಕಂಡ್ ಬತ್ತೀನಿ."

ಹೆಣ್ಣು ನೋಡಲು ನೆಂಟರು ಮೊದಲ ಸಲ ಕರೆದಾಗ ಬೀರೇಶನೂ ಹೀಗೆಯೇ ಕುಣಿದಿದ್ದ. ಅದು ನೆನಪಾಗಿ ಒಂದು ಗಳಿಗೆ ನಾಚಿಕೆಯಾಯಿತು. ಸರಸಮ್ಮ ಮುಖಕ್ಕೆ ಇನ್ನೊಂದು ಕೋಟು ಪೌಡರ್ ಬಳಿದಳು, ನಾಚಿಕೆ ಅದರಡಿಯಲ್ಲಿ ಮುಚ್ಚಿಹೋಯಿತು. ತಾಜ್ ಪಾಷಾ ತನ್ನ ಶೂ ಕೊಟ್ಟ, ಕಪ್ಪು ಕನ್ನಡಕ ಕೊಟ್ಟ, ಜೊತೆಗೆ ಉಪದೇಶವನ್ನೂ ಕೊಟ್ಟ. "ಜಾಸ್ತಿ ನಗ್ಬೇಡ, ಜಾಸ್ತಿ ತಿನ್ಬೇಡ. ಹೀರೋ ಯಾವತ್ತಾದ್ರೂ ತಿನ್ನೋದು ನೋಡಿದ್ಯಾ?"

ಅಂಗಿಯ ಇಸ್ತ್ರಿ ಮುರಿಯಬಾರದೆಂದು ಬೀರೇಶ ಬಸ್ಸಿನಲ್ಲಿ ಸೀಟಿದ್ದರೂ ಕೂರಲಿಲ್ಲ. ಚನ್ನಯ್ಯ ಕೂತು, ಯಾರೋ ಮುದುಕಿಯ ಕೋಳಿಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಅವಳ ಸೊಸೆಯ ಸಮಾಚಾರವನ್ನೆಲ್ಲ ವಿಚಾರಿಸಿಕೊಂಡ. ಮಾಗಡಿಯಲ್ಲಿ ಹತ್ತಿದ ಮಾಯಮ್ಮ ಮಗನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕ್ಲಾ ಮಗ, ಕಣ್ಣು ಬಂದೈತಾ?" ಎಂದಳು. ಬೀರೇಶ ಕಪ್ಪು ಕನ್ನಡಕವನ್ನು ಮೂಗಿನ ಮೇಲೆ ಇನ್ನಷ್ಟು ಏರಿಸಿಕೊಂಡ. ಹೀರೋ ಆದವನು ಹೆಚ್ಚು ಮಾತಾಡಬಾರದು.

ಕುದೂರಿನ ಮನೆಯಲ್ಲಿ ಚಾಪೆ ಹಾಸಿದ್ದರು. ತಟ್ಟೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಬಂದವು. ಬೆಳಿಗ್ಗೆಯಿಂದ ಉಪವಾಸವಿದ್ದ ಬೀರೇಶ, "ಬ್ಯಾಡಿ, ನಾನು ಇಂಥವೆಲ್ಲ ತಿನ್ನಾಕಿಲ್ಲ" ಎಂದ. ಹೊಟ್ಟೆ ಗುರ್ ಎಂದಿತು. ಎಲ್ಲರಿಗೂ ಕೇಳಿಸಿತು. ಚನ್ನಯ್ಯ ಮಾತ್ರ, "ಅಜ್ಜಿ, ಈ ಕೇಸರಿಬಾತ್ ಮಾಡಿದ್ ಕೈಗೆ ಚಿನ್ನದ ಬಳೆ ಹಾಕ್ಬೇಕು" ಎಂದು ಇನ್ನೊಂದು ಸಲ ಹಾಕಿಸಿಕೊಂಡ. ಬೊಚ್ಚುಬಾಯಿಯ ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಕುರಿಮರಿಯೊಂದು ಒಳಗೆ ನುಗ್ಗಿ ತಾಜ್ ಪಾಷಾನ ಶೂಲೇಸಿಗೆ ಬಾಯಿ ಹಾಕಿತು. ಕುರಿಗಳ ನಡುವೆಯೇ ಬೆಳೆದ ಬೀರೇಶ "ಅಯ್ಯೋ, ಗಲೀಜು!" ಎಂದು ಕಾಲು ಎಳೆದುಕೊಂಡ. ಮಾಯಮ್ಮ ತಲೆ ತಗ್ಗಿಸಿದಳು. ಚನ್ನಯ್ಯ ಮರಿಯನ್ನೆತ್ತಿ ಮಡಿಲಲ್ಲಿ ಕೂರಿಸಿಕೊಂಡ. ಇವನೆಷ್ಟು ದಡ್ಡ, ನನಗೆಷ್ಟು ಒಳ್ಳೆಯದಾಯಿತು ಎಂದು ಬೀರೇಶ ಒಳಗೇ ಹಿಗ್ಗಿದ.

ಹುಡುಗ ಹುಡುಗಿ ಒಂದೆರಡು ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ಹಿತ್ತಿಲಿಗೆ ಕಳಿಸಿದರು. ನಯನ ಸೆರಗಿನ ತುದಿ ಸುತ್ತುತ್ತ ನಿಂತಿದ್ದಳು. ನೋಡಲು ಲಕ್ಷಣವಾಗಿದ್ದಳು.

"ಟಿವಿ ನೋಡ್ತೀರಾ?" ಎಂದಳು. "ಭಾನುವಾರ ಒಂದು ಜಪಾನ್ ಕಾರ್ಟೂನ್ ಬತ್ತದಲ್ಲ. ಬಿಳಿ ಕೋಟು, ಹರಕು ಕೊಡೆ."

"ನೋಡ್ತೀನಿ, ನೋಡ್ತೀನಿ!"

"ಅದ್ರಲ್ಲಿ ನಿಮ್ಗೆ ಯಾರಿಷ್ಟ?"

ನಾಲಿಗೆಯ ತುದಿಗೆ ಬಂದಿದ್ದು ಕೊಡೆಯವನೇ. ಆದರೆ ಯಾವ ಹುಡುಗಿಯ ಮುಂದೆ ಯಾರು ತಾನೇ ಸೋಲುವವನ ಹೆಸರು ಹೇಳುತ್ತಾನೆ? ಬೀರೇಶ ಕನ್ನಡಕ ಸರಿಮಾಡಿಕೊಂಡ. "ಇನ್ಯಾರು, ಹೀರೋನೇ. ಗೆಲ್ಲೋನು ಅವ್ನೇ ಅಲ್ವಾ? ಆ ಕೊಡೆಯೋನು ಸುಮ್ಕೆ ಪಕ್ಕದಲ್ಲಿ ಇರ್ಲಿ ಅಂತ ಇಟ್ಟವ್ರೆ."

"ಹಂಗಾ" ಎಂದಳು ನಯನ. ಸೆರಗು ಸುತ್ತುವುದನ್ನು ನಿಲ್ಲಿಸಿ ಒಳಗೆ ಹೋದಳು.

ಸಂಜೆ ಬಸ್ಸಿಗೆ ಕಾಯುವಾಗ ಹುಡುಗಿಯ ಅಪ್ಪ ಬಂದು ಮಾಯಮ್ಮನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಆಮೇಲೆ ಚನ್ನಯ್ಯನನ್ನೂ ಕರೆದರು. ವಾಪಸು ಬಂದ ಮಾಯಮ್ಮ ಮಗನ ಕಣ್ಣಿನಿಂದ ಕನ್ನಡಕ ಕಿತ್ತು ಅವನ ಜೇಬಿಗೆ ತುರುಕಿದಳು.

"ನಿನ್ನ ಕರೆಸಿದ್ದು ಆ ಹುಡುಗೀನೇ ಅಂತೆ ಕಣ್ಲಾ! ಕಾಂತನಿಗೆ ಹೆಣ್ ನೋಡಕ್ಕೋಗಿದ್ರಲ್ಲ, ಅದು ಇವಳ ಚಿಕ್ಕಮ್ಮನ ಮನೆ. ಬಂದೋರ ಕಣ್ಣು ಚಿಕ್ಕೋಳ ಮ್ಯಾಲೆ ಬೀಳ್ಬಾರ್ದು ಅಂತ ಇವಳ್ನ ಒಳಗಡೆ ಬಚ್ಚಿಟ್ಟಿದ್ರಂತೆ. ಕಿಟಕೀಲಿ ನೋಡವ್ಳೆ. ಆ ಹೆಣ್ಣು ಕಾಂತನ ಪ್ಯಾಂಟಿನ್ ಮ್ಯಾಲೆ ಕಾಫಿ ಚೆಲ್ಲಿದ್ದು, ಅವ್ನು ರೇಗಿದ್ದು, ನೀನು 'ನನ್ ಕಾಲೇ ತಗುಲ್ತು' ಅಂತ ತಪ್ಪು ನಿನ್ ಮ್ಯಾಲೆ ಹಾಕ್ಕಂಡು ನಗ್ಸಿದ್ದು, ಎಲ್ಲಾ ನೋಡವ್ಳೆ. ನನ್ಗೆ ಗಂಡು ನೋಡೋದಾದ್ರೆ ಆ ಹುಡುಗನ್ನೇ ನೋಡಿ ಅಂದಿದ್ಳಂತೆ."

"ಈಗೇನಂತೆ?" ಎಂದ ಬೀರೇಶ.

"ಇವತ್ತು ಬಂದಿದ್ದೋರು ಅವ್ರಲ್ಲ ಅಂದ್ಳಂತೆ."

ಬಸ್ಸು ಬಂತು. ಈ ಸಲ ಬೀರೇಶ ಸೀಟು ಸಿಕ್ಕ ಕೂಡಲೇ ಕುಸಿದು ಕೂತ. ಇಸ್ತ್ರಿ ಮುರಿದರೆ ಮುರಿಯಲಿ. ಬದುಕಿನಲ್ಲಿ ಒಬ್ಬಳು, ಒಬ್ಬಳೇ ಒಬ್ಬಳು, ಅವನನ್ನು ಅವನಾಗಿಯೇ ಕಂಡು ಮೆಚ್ಚಿ ಕರೆಸಿದ್ದಳು. ಅವನೋ ತನ್ನೊಬ್ಬನನ್ನು ಬಿಟ್ಟು ಮಿಕ್ಕ ಎಲ್ಲವನ್ನೂ ತೆಗೆದುಕೊಂಡು ಹೋಗಿದ್ದ.

ಮಾಗಡಿಯಲ್ಲಿ ಮಾಯಮ್ಮ ಇಳಿದುಹೋದಳು. ರಾಮನಗರ ಹತ್ತಿರವಾದಾಗ ಚನ್ನಯ್ಯ ಗಂಟಲು ಸರಿಮಾಡಿಕೊಂಡ.

"ಬೇಜಾರ್ ಮಾಡ್ಕಬ್ಯಾಡ ಕಣ್ಲಾ ಬೀರ. ಬರೋ ಭಾನುವಾರ ನನ್ನ ಬಾ ಅಂದವ್ರೆ. ಅಜ್ಜಿಗೆ ಒಪ್ಗೆ ಆಗೈತಂತೆ, ಹುಡುಗೀನೂ ನೋಡನ ಅಂದವ್ಳಂತೆ. ನಾನೊಬ್ನೇ ಹೆಂಗೋಗ್ಲಿ? ಪಕ್ಕದಲ್ಲಿ ಕೂರಕ್ಕೆ ನೀನು ಬತ್ತೀಯಾ?"

"ಬತ್ತೀನಿ ಬುಡಣ್ಣ." ಅಭ್ಯಾಸಬಲ, ಬಾಯಿ ತಾನಾಗಿಯೇ ಹೇಳಿಬಿಟ್ಟಿತು.

ಚನ್ನಯ್ಯ ಬೋಳುತಲೆ ಸವರಿಕೊಂಡು ನಾಚಿದ. "ಮತ್ತೆ... ಆ ಶೂ, ಕನ್ನಡಕ ನಂಗೆ ಒಸಿ ಕೊಡಿಸ್ತೀಯಾ? ಪೌಡರ್ ಸರಸಮ್ಮನ್ ತಾವ ನಾನೇ ಕೇಳ್ಕತೀನಿ. ತಿನ್ನೋದೂ ಒಸಿ ಕಮ್ಮಿ ಮಾಡ್ಬೇಕು. ನಿನ್ನಂಗೆ ಗತ್ತಾಗಿ ಇರ್ಬೇಕು ಕಣ್ಲಾ."

ಬೇಡ ಅಣ್ಣ, ಹೀಗೆಯೇ ಹೋಗು ಎಂದು ಹೇಳಬೇಕಿತ್ತು. ಅದು ಬೀರೇಶನಿಗೆ ಚೆನ್ನಾಗಿ ಗೊತ್ತಿತ್ತು. ಕಿಟಕಿಯ ಹಿಂದೆ ನಿಂತು ನಯನ ಮೆಚ್ಚಿದ ಹುಡುಗನಾಗಿದ್ದರೆ ಹೇಳಿಯೂ ಬಿಡುತ್ತಿದ್ದ.

ಬೀರೇಶ ಬಗ್ಗಿ ಲೇಸು ಬಿಚ್ಚಿದ. "ತಗೊಳ್ಳಣ್ಣ, ಈಗ್ಲೇ ಹಾಕ್ಕಂಡು ನೋಡು. ನಿಂಗೆ ಚೆಂದಾಗಿ ಕಾಣ್ತದೆ" ಎಂದ.