ಪಕ್ಕದ ಮನೆಯ ಕರೋಕೆ ಯಂತ್ರಕ್ಕೆ, ಮಗಳ ಓದಿನ ವಿಷಯವಾಗಿ

ಮಾನ್ಯ ಕರೋಕೆ ಯಂತ್ರ ಮಹಾಶಯರೇ,

ಬತಾಂಗಾಸ್ ಊರಿನ ನಮ್ಮ ಓಣಿಯ ಹುಟ್ಟುಹಬ್ಬ, ಮದುವೆ, ನಾಮಕರಣಗಳಿಗೆಲ್ಲ ಕಳೆ ಕಟ್ಟುತ್ತ, ಪಕ್ಕದ ಮನೆಯ ಕಾರ್ದಿಂಗ್ ಮಾಮನ ಅಂಗಳದಲ್ಲಿ ವಿರಾಜಮಾನರಾಗಿರುವ ತಮಗೆ ಗೋಡೆಯ ಈಚೆಯಿಂದ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ಊರಿಗೆಲ್ಲ ಕೇಳಿಸುತ್ತಿದೆ.

ವಿಷಯವೇನೆಂದರೆ, ನನ್ನ ಮಗಳು ಮುತ್ಯಾ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕು. ಓದಲು ಬಾರದ ಮಕ್ಕಳನ್ನು ಬೇರೆಯೇ ಕೂರಿಸುತ್ತಾರೆಂದು ಕೇಳಿದ್ದರಿಂದ, ಅಕ್ಷರದ ಹೆಸರು ಬಿಟ್ಟು ಅದರ ದನಿಯನ್ನೇ ಕಲಿಸುವ ಪದ್ಧತಿಯನ್ನು ನಾನೇ ಮನೆಯಲ್ಲಿ ಶುರುಮಾಡಿದೆ: ಮೊದಲು 'ಮ್ಮ್', ಆಮೇಲೆ 'ಸ್ಸ್', ಆಮೇಲೆ 'ಆ', ಹೀಗೆ ಒಂದೊಂದಾಗಿ. “ನಮ್ಮ ಕಾಲದಲ್ಲಿ ಬೆತ್ತ ಹಿಡ್ಕೊಂಡು ಕಲಿಸ್ತಿದ್ರು. ಇದೇನೇ ನಿಂದು, ಹಾವಿನ ಥರ ಬುಸುಬುಸು?” ಎಂದು ಅತ್ತೆ ಮೂಗು ಮುರಿದರು. ನಮ್ಮಲ್ಲಿ ಯಾರನ್ನಾದರೂ ಕರೆಯಬೇಕಾದರೆ 'ಸ್ಸ್' ಎನ್ನುವುದೇ ವಾಡಿಕೆಯಾದ್ದರಿಂದ, ಕಿಟಕಿಯ ಬಳಿ ಆ ಪಾಠ ನಡೆದ ದಿನ ಸಾಲಾಗಿ ಬಾಡಿಗೆ ಟ್ರೈಸಿಕಲ್ಲುಗಳು ಬಂದು ನಿಂತವು. “ಕರೆದು ಸುಮ್ನೆ ಕೂತ್ರೆ ಹೆಂಗಕ್ಕಾ?” ಎಂದು ಗದರಿದ ಮೀನಿನವನಿಂದ ಬೇಡದ ಮೀನನ್ನೂ ಕೊಂಡೆ.

ಅದೆಲ್ಲ ಸಹಿಸಿದೆ. ಆದರೆ ಮಗು 'ಆ' ಎನ್ನಲು ಬಾಯಿ ತೆರೆದಾಗಲೆಲ್ಲ ತಮ್ಮ ಕೃಪೆಯಿಂದ ಕಾರ್ದಿಂಗ್ ಮಾಮ ಅದೇ 'ಆ'ವನ್ನು ಗೋಡೆ ಅದುರುವಂತೆ ಎಳೆದು, ಕತ್ತು ಹಿಸುಕಿದ ಹುಂಜದಂತೆ ನಿಲ್ಲಿಸುತ್ತಿದ್ದುದರಿಂದ, ಆ ಅಕ್ಷರವನ್ನು ಕಣ್ಣು ಮುಚ್ಚಿ ಎದೆಯ ಮೇಲೆ ಕೈಯಿಟ್ಟೇ ಹೇಳಬೇಕೆಂದು ನನ್ನ ಮಗಳು ನಂಬಿದಳು. ಅಂಥ ಗಾಯನಕ್ಕೆ ತಾವು ನೂರಕ್ಕೆ ತೊಂಬತ್ತೆಂಟು ಅಂಕ ಕೊಡುವುದನ್ನು ಕಂಡು ತಮ್ಮ ಕರುಣೆಗೆ ತಲೆಬಾಗಿದ್ದೇನೆ.

ಕಳೆದ ವಾರ ಶಾಲೆಯ ಟೀಚರು ಓದಿಸಿ ನೋಡಲು ಮನೆಗೇ ಬಂದರು. ಮುತ್ಯಾ ಪುಸ್ತಕದ ಮುಂದೆ ಬಾಯಿಗೆ ಬೀಗ ಹಾಕಿಕೊಂಡಳು. ನನಗೆ ಅಳುವೇ ಬಂದಿತ್ತು. ಅಷ್ಟರಲ್ಲಿ ತಾವು ಗರ್ಜಿಸಿದಿರಿ. ಮಗಳು ಕಿಟಕಿಗೆ ಓಡಿ, ತಮ್ಮ ಪರದೆಯ ಮೇಲೆ ಬಣ್ಣ ಬದಲಿಸುತ್ತಿದ್ದ ಸಾಲುಗಳತ್ತ ಬೆರಳು ತೋರುತ್ತ ಓದತೊಡಗಿದಳು. “ಬಾಯಿಪಾಠ ಇರ್ಬೇಕು ಮೇಡಂ,” ಎಂದೆ. ಟೀಚರು ಕಾರ್ದಿಂಗ್ ಮಾಮನಿಗೆ ಹೇಳಿ, ಮಗು ಎಂದೂ ಕೇಳದ ಹಾಡೊಂದನ್ನು ದನಿಯಿಲ್ಲದೆ ಹಾಕಿಸಿದರು. 'ಮ್ಮ್', 'ಆ' ಎಂದು ನಾನು ಕಲಿಸಿದಂತೆಯೇ ಕೂಡಿಸಿ, ಪೂರ್ತಿ ಓದಿ, ತಿರುಗಿ ನಿಂತು, “ಎಷ್ಟು ಬಂತು ಟೀಚರ್?” ಎಂದಳು. ನಾನು ಅತ್ತೇಬಿಟ್ಟೆ. ಟೀಚರೋ, “ಒಳ್ಳೇ ಯಂತ್ರ ಕಣ್ರೀ!” ಎಂದು ಹೊಗಳಿ ಹೋದರು.

ದುಡಿದವಳು ನಾನು, ಹೆಸರು ತಮ್ಮದು. ಇರಲಿ. ಮುಂದಿನ ಪೋಷಕರ ಸಭೆಗೆ ತಾವೇ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಬೇಕಾಗಿಯೂ, ಕೈಕೊಟ್ಟ ಪ್ರೇಮಿಗಳ ಗೋಳಿನ ಹಾಡು ಬಿಟ್ಟು ಕೋಳಿ, ಆಡು, ಅನ್ನ ಇತ್ಯಾದಿ ಸಭ್ಯ ವಿಷಯಗಳ ಹಾಡು ಹಾಕಬೇಕಾಗಿಯೂ ವಿನಂತಿ. “ಅಜ್ಜೀ, ನಿಂಗೂ ಯಾರಾದ್ರೂ ಕೈಕೊಟ್ಟಿದ್ರಾ?” ಎಂದು ಮುತ್ಯಾ ಕೇಳಿದಂದಿನಿಂದ ಅತ್ತೆ ಕೋಣೆಯಿಂದ ಹೊರಬಂದಿಲ್ಲ.

ಕಿವಿ ಕೇಳಿಸುವವರೆಗೂ ತಮ್ಮ ವಿಶ್ವಾಸಿ,
ತೆರೆಸಿಟಾ ಮಕಾಸಾಯೆತ್

ತಾ.ಕ.: ಈ ಪತ್ರವನ್ನು ಗುಟ್ಟಾಗಿ ತಮ್ಮ ಮೇಲೆ ಅಂಟಿಸಬೇಕೆಂದಿದ್ದೆ. ಅಷ್ಟರಲ್ಲಿ ಮಗಳು ಕಿಟಕಿಯಲ್ಲಿ ನಿಂತು, ಒಂದಕ್ಷರವೂ ತಪ್ಪದೆ, ಓಣಿಗೆಲ್ಲ ಕೇಳುವಂತೆ ಓದಿಯಾಯಿತು. ಹುಂಜದ ಸಾಲನ್ನು ಎರಡು ಸಲ ಓದಿದಳು. ಕಾರ್ದಿಂಗ್ ಮಾಮ ಈಗ ಬಾಗಿಲು ಬಡಿಯುತ್ತಿದ್ದಾರೆ. ಕಲಿಸಿದ ಓದನ್ನು ಮರೆಸುವ ಪದ್ಧತಿ ಏನಾದರೂ ಇದ್ದರೆ ದಯವಿಟ್ಟು ಕೂಡಲೇ ತಿಳಿಸುವುದು.