ಭಾವನ ಕಂಕುಳಲ್ಲಿ ಎರಡು ಸೀಸೆ

ನಾನು ನಿಂತಿದ್ದದ್ದು ಮೂಡುಬಿದಿರೆಯ ಬಸ್ ನಿಲ್ದಾಣದಲ್ಲಿ, ಬಂಟ್ವಾಳದ ಬಸ್ಸಿನ ಹಿಂಬಾಗಿಲಿನಿಂದ ಮೂರು ಹೆಜ್ಜೆ ದೂರ. ಗಂಟೆ ಹನ್ನೊಂದೂ ಕಾಲು. ಎರಡು ಸಾವಿರದ ಮೂರರ ಬೇಸಿಗೆ. ತಾರೀಕು ನೆನಪಿಲ್ಲ, ಆದ್ದರಿಂದ ಬರೆಯುವುದಿಲ್ಲ. ಅಕ್ಕನ ಗಂಡ ಓಡಿಬಂದರು. ಓಡುವಾಗಲೂ ಎರಡು ತೋಳುಗಳು ಮೈಗೆ ಅಂಟಿಕೊಂಡೇ ಇದ್ದವು!

ನಮ್ಮ ಭಾವನಂಥ ಪುಕ್ಕಲರು ಬಂಟ್ವಾಳ, ಬೆಳ್ತಂಗಡಿ ಎರಡೂ ತಾಲೂಕು ಹುಡುಕಿದರೂ ಸಿಗರು. ಹಲ್ಲಿಗೆ ಹೆದರುವರು, ಗುಡುಗಿಗೆ ಹೆದರುವರು. ಬೀಳಿಸಿಬಿಟ್ಟೇನೆಂದು ಸ್ವಂತ ಮಗಳನ್ನೇ ಆರು ತಿಂಗಳು ಎತ್ತಿಕೊಂಡಿರಲಿಲ್ಲ. ಇಂಥವರಿಗೆ ಕಾಲೇಜಿನಲ್ಲಿ ಕೆಲಸವೇನು ಗೊತ್ತೇ? ಆಡಿನ ಕಿವಿಯ ಮೆದುಮೂಳೆಯಿಂದ ಜೀವಕೋಶ ತೆಗೆದು ಸೀಸೆಯಲ್ಲಿ ಬೆಚ್ಚಗೆ ಬೆಳೆಸುವುದು. ಮುಂದೊಂದು ದಿನ ಮನುಷ್ಯರ ಸವೆದ ಮೊಣಕಾಲಿಗೆ ತೇಪೆ ಹಾಕುವುದು! ಎರಡು ಸಲ ಬೆಳೆಸಿದ್ದು ಸತ್ತಿತ್ತು. ಸೋಮವಾರ ಪರಿಶೀಲನೆಗೆ ಬರುವವರಿಗೆ ಜೀವಂತ ಕೋಶ ತೋರಿಸದಿದ್ದರೆ ಪ್ರಯೋಗಾಲಯಕ್ಕೆ ಬೀಗ, ಭಾವನ ಹುದ್ದೆಯೂ ಇಲ್ಲ. ಅಂದು ಬೆಳಿಗ್ಗೆ ಕರೆಂಟು ಹೋಯಿತು, ಜನರೇಟರೂ ಕೈಕೊಟ್ಟಿತು.

"ಕಂಕುಳಲ್ಲಿ ಉಂಟು ಮಾರಾಯ, ಎರಡು ಸೀಸೆ," ಎಂದು ಪಿಸುಗುಟ್ಟಿದರು. "ಬಂಟ್ವಾಳದಲ್ಲಿ ಕೋಳಿ ಸಾಕುವ ಲಿಗೋರಿ ಪೊರ್ಬುಗಳ ಮೊಟ್ಟೆ ಮರಿ ಮಾಡುವ ಪೆಟ್ಟಿಗೆ ಉಂಟಲ್ಲ, ಅದಕ್ಕೆ ಮುಟ್ಟಿಸುವ. ಅದರ ಬಿಸಿ ಇವಕ್ಕೂ ಸರಿಯಾಗ್ತದೆ."

ಬಸ್ಸಿನಲ್ಲಿ ಸೀಟಿರಲಿಲ್ಲ.

"ಕಂಬಿ ಹಿಡ್ಕೊಳ್ಳಿ ಮಾರಾಯ್ರೆ! ಕೈಗೆ ಎಂತ ಆಗಿದೆ?" ಎಂದ ಕಂಡಕ್ಟರ್.

"ಕೈ ಎತ್ತಿದರೆ ಜೀವ ಹೋಗ್ತದೆ!"

ಕಂಡಕ್ಟರ್ ಮುಂಬಾಗಿಲಿಗೆ ಹೋದ.

ಸಿದ್ಧಕಟ್ಟೆಯ ತಿರುವಿನಲ್ಲಿ ಬ್ರೇಕ್ ಬಿತ್ತು. ಎಲ್ಲರ ಕೈ ಕಂಬಿಗೆ ಹೋಯಿತು, ಭಾವನದು ಹೋಗಲಿಲ್ಲ. ಹಣೆ ಸೀಟಿನ ಕಬ್ಬಿಣಕ್ಕೆ ಬಡಿಯಿತು. ಆ ಸದ್ದು ನನಗೆ ಇಂದಿಗೂ ಕೇಳಿಸುತ್ತದೆ. ಭಾವ ಅಲ್ಲೇ ಕುಸಿದರು, ರಕ್ತ ರೆಪ್ಪೆಯ ಮೇಲಿಳಿಯಿತು. ಉಸಿರಿದೆಯೇ ಎಂದು ನೋಡಲೂ ನನಗೆ ಧೈರ್ಯ ಬರಲಿಲ್ಲ. ಆಗ ತುಟಿ ಅಲುಗಿತು: "ಸೀಸೆ ಒಡೆದಿದೆಯಾ ನೋಡು."

ತೋಳುಗಳು ಇನ್ನೂ ಮೈಗೆ ಒತ್ತಿಕೊಂಡೇ ಇದ್ದವು.

ಬಂಟ್ವಾಳದಲ್ಲಿ ಲಿಗೋರಿ ಪೊರ್ಬುಗಳು ಮೊದಲು ಭಾವನ ಹಣೆಗೆ ಬಟ್ಟೆ ಕಟ್ಟಿದರು, ಆಮೇಲೆ ಸೀಸೆಗಳನ್ನು ಮೊಟ್ಟೆಗಳ ನಡುವೆ ಮಲಗಿಸಿದರು. "ಇಪ್ಪತ್ತೊಂದನೇ ದಿವಸ ಆಡಿನ ಮರಿ ಬಂದರೆ ಅರ್ಧ ನನಗೆ, ಪ್ರೊಫೆಸರ್ರೇ!"

ನಗು ಮುಗಿಯುವ ಮೊದಲೇ ಪೆಟ್ಟಿಗೆಯ ತಟ್ಟೆಗಳು ತಾವಾಗಿ ಓರೆಯಾದವು. ಗಂಟೆಗೊಮ್ಮೆ ಓರೆಯಾಗುವುದು ಅವುಗಳ ಕ್ರಮ, ಮೂವರಿಗೂ ಮರೆತೇಹೋಗಿತ್ತು! ಸೀಸೆ ಓರೆಯಾದರೆ ದ್ರವ ಒಂದು ಮೂಲೆಗೆ ಇಳಿದು ಕೋಶಗಳು ಒಣಗಿ ಸಾಯುತ್ತವೆ. ಭಾವ ಕಿರುಚಿದರು. ಪೊರ್ಬುಗಳು ತಟ್ಟೆಯ ಯಂತ್ರವನ್ನು ನಿಲ್ಲಿಸಿದರು.

"ಆದರೆ ಮೊಟ್ಟೆ ತಿರುಗದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಳ್ತದೆ," ಎಂದವರೇ ಅಂಗಿಯ ತೋಳು ಮಡಚಿದರು. "ಆಗಲಿ. ಕೈಯಲ್ಲೇ ತಿರುಗಿಸುವ."

ಸಂಜೆ ಕಾಲೇಜಿಗೆ ಕರೆಂಟು ಬರುವವರೆಗೆ, ಗಂಟೆಗೊಮ್ಮೆ, ನಾವು ಮೂವರು ನೂರಾರು ಮೊಟ್ಟೆ ತಿರುಗಿಸಿದೆವು. ಮಗಳನ್ನು ಎತ್ತಿಕೊಳ್ಳಲು ಹೆದರಿದ ಭಾವನ ಕೈಯಿಂದ ಒಂದೂ ಬೀಳಲಿಲ್ಲ. ಒಡೆದದ್ದು ಒಂದೇ, ಅದು ನನ್ನದು.

ಸೋಮವಾರ ಒಂದು ಸೀಸೆ ಸತ್ತಿತ್ತು, ಇನ್ನೊಂದು ಬದುಕಿತ್ತು. ಅಷ್ಟು ಸಾಕಾಯಿತು.

ಹೋದ ವರ್ಷ ಭಾವ ತೀರಿಕೊಂಡರು. ಮಲಗಿಸಿದಾಗ ಪೊರ್ಬುಗಳು ಬಗ್ಗಿ ಅವರ ಎರಡು ತೋಳುಗಳನ್ನು ಮೈಗೆ ಒತ್ತಿ ಇಟ್ಟರು. "ಇನ್ನು ಕೈ ಎತ್ತಬಹುದು, ಪ್ರೊಫೆಸರ್ರೇ," ಎಂದರು. ಆದರೆ ತಮ್ಮ ಕೈಯನ್ನು ತೆಗೆಯಲಿಲ್ಲ.

ಕಂಡಕ್ಟರ್ ಎಲ್ಲಿದ್ದಾನೋ ತಿಳಿಯದು. ಆ ದಿನವನ್ನು ಕಂಡು ಇನ್ನೂ ಬದುಕಿರುವವರು, ನಾನು ಬಲ್ಲಂತೆ, ಇಬ್ಬರು: ನಾನು, ಮತ್ತು ಬಂಟ್ವಾಳದ ಲಿಗೋರಿ ಪೊರ್ಬುಗಳು.